ಅಮ್ಮನ ತಿಥಿಗೆ ಎರಡು ಶ್ರಾವಣ

ಕಾಶಿಗೆ ಸೊಸೆಯಾಗಿ ಬಂದ ಮೊದಲ ವರ್ಷ, ರಾಖಿ ಹುಣ್ಣಿಮೆಯ ಮರುದಿನ ತರಕಾರಿಯವಳು "ಭಾದೋ ಲಾಗ್ ಗಯಲ್, ಬಹೂ" ಎಂದಳು. ಭಾದ್ರಪದ ಶುರುವಾಯಿತಂತೆ! ನಮ್ಮ ದಾವಣಗೆರೆಯಲ್ಲಿ ಶ್ರಾವಣ ಇನ್ನೂ ಅರ್ಧ ಉಳಿದಿತ್ತು. ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಇಲ್ಲಿ ಹುಣ್ಣಿಮೆಗೇ ಎಂದು ಮಾವ ನಗುತ್ತ ತಿಳಿಸಿದರು. ಭಾಷೆ ಬೇರೆ, ಸಾಸಿವೆ ಎಣ್ಣೆಯ ಘಾಟು ಬೇರೆ. ಅದಕ್ಕೆಲ್ಲ ಸಿದ್ಧಳಾಗಿಯೇ ಬಂದಿದ್ದೆ. ತಿಂಗಳೇ ಬೇರೆಯಾಗಬಹುದೆಂದು ಯಾರೂ ಹೇಳಿರಲಿಲ್ಲ.

ಮಾವ ಮತ್ತು ನನ್ನ ಗಂಡ ಕೇದಾರ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಪುರೋಹಿತರು. ಆ ಮನೆತನಗಳಿಗೆ ಪ್ರತಿವರ್ಷ ಹಿರಿಯರ ತಿಥಿಯ ತಾರೀಖು ತಿಳಿಸಬೇಕು. ಊರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನು ಹೋದ ವರ್ಷ ಆ ಕೆಲಸ ಕೈಗೆತ್ತಿಕೊಂಡೆ. ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಗುಂಡಿ ಒತ್ತಿದರೆ ಪಟ್ಟಿ ಸಿದ್ಧ. ಕನ್ನಡಿಗರಿಗೆ ಕನ್ನಡ ಅಂಕಿ, ಘಾಟಿನವರಿಗೆ ನಾಗರಿ ಅಂಕಿ, ಅಮೆರಿಕದಲ್ಲಿರುವವರಿಗೆ ತಿಂಗಳು ಮೊದಲು, ದಿನ ಆಮೇಲೆ. ತಿಥಿಗೆ ತಾರೀಖು ಹುಡುಕಲು ಇಲ್ಲಿಯದೇ ಪಂಚಾಂಗ ಜೋಡಿಸಿದೆ. ಪರೀಕ್ಷೆಗೆಂದು ಮೊದಲು ಹಾಕಿದ್ದು ನನ್ನ ಅಮ್ಮನ ತಿಥಿ, ಶ್ರಾವಣ ಬಹುಳ ಪಂಚಮಿ.

ತಾರೀಖು ಬಂತು. ಆಗ ಬೀದಿಯಲ್ಲೂ ಸಾವನ್, ಅಂದರೆ ಶ್ರಾವಣ. ಶಿವನಿಗೆ ಗಂಗಾಜಲದ ಕಾವಡಿ ಹೊತ್ತವರ "ಬೋಲ್ ಬಮ್" ಘೋಷ ಮನೆಯೊಳಗೂ ಕೇಳುತ್ತಿತ್ತು. ನನಗೆ ಅನುಮಾನವೇ ಬರಲಿಲ್ಲ. ಆ ದಿನ ಗಂಡ ಗಂಗೆಯಲ್ಲಿ ಅಮ್ಮನ ಹೆಸರಿಗೆ ತರ್ಪಣ ಬಿಟ್ಟರು. ನಾನು ಅವಳಿಗಿಷ್ಟವಾದ ಹಾಗಲಕಾಯಿ ಗೊಜ್ಜು ಮಾಡಿ ಬಡಿಸಿದೆ. ಸಂಜೆ ದಾವಣಗೆರೆಯ ತಮ್ಮನಿಗೆ ಫೋನ್ ಮಾಡಿದೆ.

"ಅಲ್ಲಿ ಎಲ್ಲಾ ಸಾಂಗವಾಗಿ ಆಯ್ತೇನೋ?"

"ಏನಾಗಬೇಕಿತ್ತು? ಅಮ್ಮನ ತಿಥಿ ಬರೋ ತಿಂಗಳಲ್ವೇನಕ್ಕಾ? ಇಲ್ಲಿನ್ನೂ ಆಷಾಢ!"

ಅಂಕಿಗಳಿಗೆಲ್ಲ ಅವರವರ ಊರಿನ ಉಡುಪು ತೊಡಿಸಿದ್ದ ಜಾಣೆ, ತಿಂಗಳಿನ ಲೆಕ್ಕವನ್ನೇ ಮರೆತಿದ್ದೆ. ಇಲ್ಲಿಯ ಶ್ರಾವಣ ಬಹುಳವೆಂದರೆ ನಮ್ಮ ಕಡೆ ಇನ್ನೂ ಆಷಾಢ ಬಹುಳ. ಒಂದು ಕಾಲಕ್ಕೆ ನನ್ನನ್ನು ಬೆಚ್ಚಿಸಿದ್ದ ಇಲ್ಲಿಯ ಲೆಕ್ಕವನ್ನು ಈಗ ನನ್ನದೆಂದೇ ನಂಬಿಬಿಟ್ಟಿದ್ದೆ. ಅಮ್ಮನನ್ನು ಅಷ್ಟು ದೂರ ಬಿಟ್ಟು ಬಂದೆನೇ ಎಂದು ಅತ್ತುಬಿಟ್ಟೆ.

"ತಾಯಿ ತಾನೆ? ಒಂದು ತಿಂಗಳು ಮೊದಲೇ ಕರೆದ್ರೂ ಬರ್ತಾಳೆ ಬಿಡಮ್ಮ" ಎಂದರು ಮಾವ. ಪುಣ್ಯಕ್ಕೆ ಉಳಿದ ಮನೆಗಳಿಗೆ ಇನ್ನೂ ಪಟ್ಟಿ ಕಳಿಸಿರಲಿಲ್ಲ.

ಮುಂದಿನ ತಿಂಗಳು ಮತ್ತೆ ಗೊಜ್ಜು ಮಾಡಿದೆ. ದಾವಣಗೆರೆಯಲ್ಲಿ ತಮ್ಮ, ಬಡಿಸಿದ ಎಲೆಯ ಮುಂದೆ ಫೋನ್ ಹಿಡಿದ. ಚಿಕ್ಕಮ್ಮಂದಿರ ಮಾತು, ಮಕ್ಕಳ ಗಲಾಟೆ ಎಲ್ಲ ಕೇಳಿಸಿತು. ಎದ್ದು ಊರಿಗೆ ಹೊರಟುಬಿಡಬೇಕೆನಿಸಿತು.

ಈಗ ಕಂಪ್ಯೂಟರ್ ಪ್ರತಿ ಹೆಸರಿಗೂ ಯಾವ ಕಡೆಯ ಲೆಕ್ಕ ಎಂದು ಕೇಳುತ್ತದೆ. ಮೊನ್ನೆ ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಇಲ್ಲೇ ಹುಟ್ಟಿದವಳು, ಮಾತೆಲ್ಲ ಹಿಂದಿಯೇ.

"ನಾನೀ ಕಾ ಕೌನ್ ಸಾ?"

"ಅಜ್ಜಿಯದು ನಮ್ಮೂರಿಂದು, ಪುಟ್ಟಾ."

"ಔರ್ ಆಪ್ಕಾ, ಅಮ್ಮಾ?"

ಮುಂದೊಂದು ದಿನ ನನ್ನ ತಿಥಿಗೆ, ನನ್ನದು ಯಾವ ಕಡೆಯ ಲೆಕ್ಕವೆಂದು ಒತ್ತಬೇಕಾದವಳು ಅವಳೇ. ನನ್ನ ಹೆಸರು ಬರೆದು, ಅದರೆದುರಿನ ಜಾಗ ಖಾಲಿ ಬಿಟ್ಟೆ.