ತಟ್ಟೆಯ ಕೋಶ, ತಟ್ಟೆಯ ಕೋಸು

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಲಸೂರಿನ ಮನೆಗೆ ಮರಳಿದ ವಾರವೇ ನನ್ನ ನಾದಿನಿ ನಾನು ಉಣ್ಣುತ್ತಿದ್ದ ತಟ್ಟೆಗೆ ಕೈಹಾಕಿ ಎಲೆಕೋಸಿನ ಪಲ್ಯವನ್ನು ತೆಗೆದುಬಿಟ್ಟಳು.

"ಕೋಸು ವಾಯು, ಅತ್ತಿಗೆ! ಈ ವಯಸ್ಸಲ್ಲೂ ನಾಲಿಗೆ ಚಪಲ ಬಿಡಲ್ವಲ್ಲ ನೀವು."

ನೋಡಲು ಬಂದ ನೆಂಟರೆದುರು ಆಡುವ ಮಾತೇ ಅದು? ಅಂದು ಅವಳು ಉಟ್ಟಿದ್ದ ಸೀರೆಯ ಅಂಚು ಸಹ ನನಗೆ ನೆನಪಿದೆ.

ಆಮೇಲೆ ಕೀಮೋ ಆರಂಭವಾಯಿತು. ಕೂದಲು ಉದುರಿತು, ಬಾಯಲ್ಲಿ ಹುಣ್ಣೆದ್ದು ನೀರು ನುಂಗುವುದೂ ಕಷ್ಟವಾಯಿತು. ಇನ್ನು ಮುಂದಿನ ಸರದಿಗೆ ಹೋಗಲಾರೆನೆಂದು ನಾನು ಒಳಗೊಳಗೇ ನಿಶ್ಚಯಿಸಿದ್ದಾಗ, ಅದೇ ನಾದಿನಿ ಒಂದು ಲೋಟ ಹಸಿರು ರಸ ಹಿಡಿದು ಬಂದಳು.

"ಎಲೆಕೋಸಿನ ರಸ ಅತ್ತಿಗೆ. ಶಿವಾಜಿನಗರಕ್ಕೆ ಹೋಗಿ ಆರಿಸಿ ತಂದಿದ್ದೀನಿ. ಫೋನಲ್ಲಿ ಬಂದಿದೆ ನೋಡಿ, ತಟ್ಟೇಲಿ ಕೋಸಿದ್ರೆ ಕ್ಯಾನ್ಸರ್ ಬೆಳೆಯೋದೇ ನಿಂತೋಗುತ್ತಂತೆ. ಆ ಕೀಮೋ ಬಿಟ್ಬಿಡಿ."

ನನ್ನ ತಟ್ಟೆಯಿಂದ ಕೋಸನ್ನು ಕಸಿದವಳ ಬಾಯಲ್ಲಿ ಈ ಉಪದೇಶ! ಮೈಯೆಲ್ಲ ಉರಿಯಿತು. ಆದರೂ ಕೈ ಲೋಟದತ್ತ ಚಾಚಿತು. ಬಿಟ್ಟುಬಿಡಿ ಎಂಬ ಮಾತನ್ನು ಯಾರಾದರೂ ಆಡಲೆಂದು ನಾನು ಅಷ್ಟು ಕಾದಿದ್ದೆ.

ತಾಯಿಯನ್ನು ಕರೆದೊಯ್ಯಲು ಬಂದ ಅವಳ ಮಗಳು ದೊಡ್ಡನೆಕ್ಕುಂದಿಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾಳೆ. ಫೋನು ಇಸಿದುಕೊಂಡು ಓದಿದವಳೇ ನಕ್ಕಳು.

"ಅಮ್ಮಾ, ಇದು ಊಟದ ತಟ್ಟೆ ಅಲ್ಲ, ಲ್ಯಾಬಿನ ತಟ್ಟೆ! 'ಎಲೆಕೋಸಿನ ಅಂಶದಿಂದ ತಟ್ಟೆಯಲ್ಲಿನ ಕೋಶಗಳ ಬೆಳವಣಿಗೆ ಕುಂದಿತು' ಅಂತಿದೆ, ನೀನು ಕೋಶಾನೂ ಕೋಸು ಅಂತ ಓದ್ಕೊಂಡಿದ್ದೀಯ."

"ಕೋಶ ಏನು, ಕೋಸೇನು, ಒಳ್ಳೇದಾದ್ರೆ ಸಾಕಲ್ವೇನೇ?"

ಆ ಹುಡುಗಿ ನನ್ನ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದಳು. ಕೋಸನ್ನು ಹೆಚ್ಚಿದಾಗ ಘಾಟು ಹೊಮ್ಮಿಸುವಂಥ ಅಂಶಗಳಲ್ಲಿ ಕೆಲವು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರಿನ ಕೋಶಗಳ ಬೆಳವಣಿಗೆಯನ್ನು ತಗ್ಗಿಸುವುದು ನಿಜ. ಆದರೆ ಆ ತಟ್ಟೆಗೆ ಹೊಟ್ಟೆಯಿಲ್ಲ, ಪಿತ್ತಜನಕಾಂಗವಿಲ್ಲ. ತಿಂದ ಕೋಸಿನಿಂದ ಆ ಅಂಶ ಎಷ್ಟು ರಕ್ತಕ್ಕೆ ಸೇರುತ್ತದೆ, ಸೇರಿ ಏನು ಮಾಡುತ್ತದೆ ಎಂಬುದನ್ನು ಇನ್ನೂ ಹುಡುಕುತ್ತಿದ್ದಾರೆ.

"ಹಸಿ ರಸ ಈಗ ಬೇಡ ಅತ್ತೆ, ಕೀಮೋ ನಡೆಯೋವಾಗ ಸೋಂಕಿನ ಭಯ, ಡಾಕ್ಟ್ರನ್ನ ಕೇಳೋಣ. ಕೋಸು ಬೇಯಿಸಿ ತಿನ್ನಿ. ಆದ್ರೆ ಕೀಮೋ ಬದಲಿಗಲ್ಲ, ಅನ್ನದ ಜೊತೆಗೆ."

ನಾದಿನಿಯ ಮುಖ ಬಾಡಿತು. "ಹಾಗಾದ್ರೆ ಅತ್ತಿಗೆ ಉಳಿಯಲ್ವಾ?"

"ಉಳಿಯೋಕೇ ಅಲ್ವೇನಮ್ಮಾ ಕೀಮೋ ಕೊಡೋದು?"

ನಾದಿನಿ ಅತ್ತುಬಿಟ್ಟಳು. ನನ್ನ ಮುಂದೆ ಅವಳು ಅತ್ತದ್ದು ಅದೇ ಮೊದಲು. ನಾನು ಲೋಟವನ್ನು ಪಕ್ಕಕ್ಕಿಟ್ಟೆ. "ಮುಂದಿನ ಸರದಿಗೆ ಹೋಗ್ತೀನಿ. ನೀನೂ ಬಾ," ಎಂದೆ.

ಅವಳು ಬಂದಳು, ಉಳಿದ ಸರದಿಗಳಿಗೂ ತಪ್ಪದೆ ಬಂದಳು. ಈಗ ತಲೆಯ ಮೇಲೆ ಬೆಳ್ಳಗೆ ಮೋಟುಕೂದಲು ಚಿಗುರಿದೆ. ಈಚಿನ ತಪಾಸಣೆಯಲ್ಲಿ ಏನೂ ಕಾಣಲಿಲ್ಲವೆಂದು ವೈದ್ಯರು ಹೇಳಿದ ದಿನ ನಾದಿನಿಯೇ ಕೋಸಿನ ಪಲ್ಯ ಮಾಡಿ ತಂದು ನನ್ನ ತಟ್ಟೆಗೆ ಬಡಿಸಿದಳು. ಕಸಿದದ್ದು ಮರಳಿತು. ನಾಲಿಗೆ ಚಪಲವೆಂದ ಮಾತನ್ನು ಮಾತ್ರ ಅವಳಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ; ಕಾಯಲು ನನಗೀಗ ಸಮಯವಿದೆ.