ಪಾದ್ರಿಗಳ ತೋಟದ ಕೆಂಪು ನೀರು

ಕ್ವಿರಿನೊನನ್ನು ನಾನು ಮೊದಲು ನೋಡಿದ ದಿನ ಅವನು ರೋಮನ್ನರ ಕಾಲದ ಒಂದು ಮುರುಕು ಕಂಬದ ಮೇಲೆ ಕೂತು ಬ್ರೆಡ್ಡಿಗೆ ಈರುಳ್ಳಿ ನಂಜಿಕೊಂಡು ತಿನ್ನುತ್ತಿದ್ದ. ನಾನು ಹಳ್ಳದಾಚೆಯ ಊರಿನವಳು. ಗಂಡ ಸತ್ತ ವರ್ಷ ಅದು. ನೆಲ ಅಗೆಯುವವರ ಬಳಿ ಮಡಕೆ ಚೂರು ತೊಳೆಯುವ ಕೆಲಸ ಸಿಕ್ಕಿತ್ತು.

"ಸತ್ತೋರ ಪಾತ್ರೆ ತೊಳೆಯೋಕೆ ಬಂದೋಳು ನೀನೇನಾ? ಎರಡು ಸಾವಿರ ವರ್ಷದಿಂದ ಹಂಗೇ ಬಿದ್ದಿದೆ, ಬೇಗ ಮುಗಿಸು" ಎಂದ.

ಅವನ ಊರಿನಲ್ಲಿ ಯಾರೋ ರೋಮನ್ ಧಣಿಯ ತೋಟದ ಮನೆ ಹೂತುಹೋಗಿತ್ತು. ಎಲ್ಲಿ ಎಂದು ಅಗೆತ ನಡೆಸುತ್ತಿದ್ದ ಪ್ರೊಫೆಸರಮ್ಮನಿಗೆ ಗೊತ್ತಿರಲಿಲ್ಲ. ಕ್ವಿರಿನೊನಿಗೆ ಗೊತ್ತಿತ್ತು. ಅವನ ದ್ರಾಕ್ಷಿತೋಟದಲ್ಲಿ ಗುದ್ದಲಿ ಇಟ್ಟಲ್ಲೆಲ್ಲ ಬಣ್ಣದ ನೆಲಗಲ್ಲು ಏಳುತ್ತಿತ್ತು. ಒಂದೊಂದು ಹೊಲದ ಮೇಲೆ ಬಿದ್ದ ಚೂರು ಆಯ್ದು ಒಂದೊಂದು ಬಕೆಟ್ಟಿಗೆ ಹಾಕುತ್ತಿದ್ದರು. ಯಾವುದರಲ್ಲಿ ಚೂರು ಹೆಚ್ಚೋ ಆ ಹೊಲ ಅಗೆಯುವುದು. ಅಗೆದರೆ ಅವನಪ್ಪ ನೆಟ್ಟ ಬಳ್ಳಿಗಳು ಬುಡಸಮೇತ ಹೋಗುತ್ತಿದ್ದವು.

ಎರಡನೇ ವಾರ ದೋನ್ ಉಬಾಲ್ದೊ ಪಾದ್ರಿಗಳ ಪ್ಲಮ್ ತೋಟದ ಬಕೆಟ್ ಬಂತು, ಕಂಠಮಟ್ಟ ಚೂರು. ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ನೀರು ಕೆಂಪಾಯಿತು. ಪಾದ್ರಿಗಳದ್ದು ಕಪ್ಪು ಮಣ್ಣು. ಅಲ್ಲಿಯವರೆಗೆ ಕೆಂಪು ಬಿಟ್ಟದ್ದು ಕ್ವಿರಿನೊನ ಬಕೆಟ್ ಒಂದೇ, ಅದರಲ್ಲಿದ್ದದ್ದು ಮೂರೇ ಚೂರು. ಮಿಕ್ಕದ್ದನ್ನೆಲ್ಲ ಅವನು ಪ್ಲಮ್ ತೋಟದಲ್ಲಿ ಚೆಲ್ಲಿ ಬಂದಿದ್ದ.

ತಲೆ ಎತ್ತಿದೆ. ಬೇಲಿಯಾಚೆ ಅವನು ನನ್ನ ಬಕೆಟ್ಟನ್ನೇ ನೋಡುತ್ತ ನಿಂತಿದ್ದ.

"ನೀರ್ಯಾಕೆ ಕೆಂಪಗಾಯ್ತು, ಕ್ವಿರಿನೊ?"

"ಸ್ವಾಮಿಗಳ ತೋಟ ನೋಡು. ಪೂಜೆ ವೈನು ಇಂಗಿರತ್ತೆ."

ಪ್ರೊಫೆಸರಮ್ಮ ಇತ್ತಲೇ ಬರುತ್ತಿದ್ದರು. ನೀರನ್ನು ಟೊಮೆಟೊ ಪಾತಿಗೆ ಚೆಲ್ಲಿದೆ. ಚೂರು ಇನ್ನೂರ ಹದಿಮೂರು. ಲೆಕ್ಕ ಮಾತ್ರ ಸರಿಯಾಗಿ ಬರೆಸಿದೆ.

ಹದಿನಾಲ್ಕು ಪ್ಲಮ್ ಮರ ಉರುಳಿದವು. ಮೂರು ಬೇಸಿಗೆ ಅಗೆದು ಅವರು ಕಂಡುಹಿಡಿದದ್ದು ಧಣಿಯ ಕಕ್ಕಸು. ಪ್ರೊಫೆಸರಮ್ಮ ಆನಂದದಿಂದ ಅತ್ತರು. ದೋನ್ ಉಬಾಲ್ದೊ ಬರೀ ಅತ್ತರು. ಕ್ವಿರಿನೊ ಭಾನುವಾರದ ಪೂಜೆ ಮುಗಿದ ಮೇಲೆ ಜನರನ್ನು ಅಲ್ಲಿಗೆ ಕರೆದೊಯ್ದು, "ಟೋಪಿ ತೆಗೀರಪ್ಪ, ದೊಡ್ಡೋರು ಕೂತ ಜಾಗ" ಎನ್ನುತ್ತಿದ್ದ. ಅವನ ಬಳ್ಳಿಗಳು ಉಳಿದವು. ಪ್ರತಿ ಸುಗ್ಗಿಗೂ ನನ್ನ ಬಾಗಿಲಿಗೆ ಒಂದು ಬುಟ್ಟಿ ದ್ರಾಕ್ಷಿ ಬರುತ್ತಿತ್ತು.

ಹೋದ ಫೆಬ್ರವರಿಯಲ್ಲಿ ಅವನು ಹಾಸಿಗೆ ಹಿಡಿದಾಗ ಹೋಗಿ ಪಕ್ಕದಲ್ಲಿ ಕೂತೆ. ಕೊನೆಯ ಪಾಪನಿವೇದನೆ ಕೇಳಲು ದೋನ್ ಉಬಾಲ್ದೊ ಕೆಳಗಿನಿಂದ ಹತ್ತಿ ಬರುತ್ತಿದ್ದರು. ಎಂಬತ್ತು ದಾಟಿದವರು, ಒಂದೊಂದೇ ಮೆಟ್ಟಿಲು.

"ಎಲ್ಲಾ ಹೇಳಲೇಬೇಕಾ?" ಎಂದ ಕ್ವಿರಿನೊ.

"ಹೇಳಲೇಬೇಕು."

"ಪ್ಲಮ್ ಮರದ್ದೂ?"

"ಅದನ್ನೇ ಮೊದಲು."

ಮೆಟ್ಟಿಲ ಸದ್ದು ಹತ್ತಿರವಾಯಿತು. ನನ್ನ ಕೈ ಹಿಡಿದು ಜಗ್ಗಿದ.

"ಎರ್ಸಿಲಿಯಾ, ನಿಮ್ಮೂರಿನ ಪಾದ್ರಿ ಸಿಗಲ್ವೇನೆ?"