ಬಾಳಮ್ಮನ ಸೆರಗು ಮತ್ತು ನಿಷತರ ಕತ್ತರಿ

ಬೆಳಕು ಹರಿಯುತ್ತಿದ್ದಂತೆ ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಹೊಲಿಗೆ ಅಂಗಡಿಯ ಷಟರು ಅರ್ಧ ಏರುತ್ತದೆ. ಅದರಡಿ ಬಗ್ಗಿ ಒಳಹೋದ ನಿಷತ, ಹಳೆಯ ಇಳಕಲ್ ಸೀರೆಯೊಂದನ್ನು ಬೆಳಕಿಗೆ ಹಿಡಿದು ಎಲ್ಲಿ ನೂಲು ಸವೆದಿದೆ ಎಂದು ನೋಡುತ್ತಾರೆ. ಮಗಳ ಮದುವೆಯ ಗೌನಿಗೆಂದು ಸುನಂದಾ ಎಂಬ ಗಿರಾಕಿ ತಂದ ಸೀರೆ ಅದು. ಎದುರಿಗೆ ನಿಂತ ಅವರಿಗೆ ಕಲಬುರಗಿ ಬಸ್ಸು ಹಿಡಿಯುವ ಅವಸರ.

"ಅಂಚು ಬಿಟ್ಟು ಹೊಲಿಯವಾ."

"ಬಿಟ್ಟು ಅನ್ನಬ್ಯಾಡ್ರಿ. ಕತ್ತರಿಸಲ್ಯೋ, ಬ್ಯಾಡೋ?"

"ಅಯ್ಯ, ಒಂದ್ ಗೌನಿಗೆ ವಕೀಲರಂಗ ಪಾಟೀಸವಾಲು ಮಾಡ್ತಿಯಲ್ಲ!"

ಮಷಿನ್ನಿನ ಮುಂದೆ ಕುಳಿತ ಜೊತೆಗಾರ್ತಿ ಅಬಿದಾ ನಗುತ್ತಾರೆ. ನಿಷತ ನಗುವುದಿಲ್ಲ.

ಮುದ್ದೇಬಿಹಾಳದ ತವರಿನಲ್ಲಿ ಕಲಿತ ಹೊಲಿಗೆಯನ್ನು ನಂಬಿ ಅವರು ಮೊದಲು ಪಡಸಾಲೆಯಲ್ಲೇ ಜಂಪರು ಹೊಲಿದರು. ಈಗ ಹಳೆಯ ಸೀರೆಗಳಿಗೆ ಹೊಸ ರೂಪ ಕೊಡುತ್ತಾರೆ. ಇಂಡಿ, ಬಸವನ ಬಾಗೇವಾಡಿಯಿಂದಲೂ ಮದುವಣಗಿತ್ತಿಯರು ಬರುತ್ತಾರೆ. ಬೋರ್ಡಿನಲ್ಲಿ 'ಬುಟೀಕ್' ಎಂದಿದ್ದರೂ ಓಣಿಯವರಿಗೆ ಅದಿನ್ನೂ ಟೇಲರ್ ಅಂಗಡಿಯೇ.

"ಶುರುವಿನ್ಯಾಗ ಗಿರಾಕಿನೇ ಇರಲಿಲ್ರಿ. ನನ್ನ ಹೊಲಿಗಿ ಮೊದಲು ಮೈಮ್ಯಾಲ ಹಾಕ್ಕೊಂಡಾಕಿ ಬಾಜೂಮನಿ ಬಾಳಮ್ಮಕ್ಕ. ನಾ ಮದಿವ್ಯಾಗಿ ಬಂದಾಗ ಉಡಿ ತುಂಬಿದಾಕೀನೂ ಅಕಿನೇ."

ಬಾಳಮ್ಮ ತೀರಿಕೊಂಡ ಮೇಲೆ ಮಗಳು ವಿಜಯಲಕ್ಷ್ಮಿ ತನ್ನ ಮದುವೆಯ ಗೌನಿಗೆಂದು ತಾಯಿಯ ಸೀರೆ ತಂದುಕೊಟ್ಟಳು. ಮರುದಿನ ಫೋನಿನಲ್ಲಿ ಹೇಳಿದಳು: "ಅಕ್ಕಾ, ಅವ್ವನ ಸೆರಗು ಬಿಡ್ರಿ." ಮುಟ್ಟಬೇಡಿ ಎಂಬುದು ಅವಳ ಅರ್ಥ. ತಾಯಿಯಿಲ್ಲದ ಮದುವೆಯಲ್ಲಿ ತಾಯಿಯ ಸೆರಗಿನಲ್ಲಾದರೂ ಅಕ್ಕಿ, ಕೊಬ್ಬರಿ ಹಾಕಿಸಿಕೊಂಡು ಉಡಿ ತುಂಬಿಸಿಕೊಳ್ಳುವ ಆಸೆ. ಆದರೆ ಹೊಲಿಗೆಯವರ ಮಾತಿನಲ್ಲಿ ಸೆರಗು ಬಿಡುವುದೆಂದರೆ ಹೆಗಲಿನಿಂದ ಇಳಿಬಿಡುವುದು. ನಿಷತ ಆ ಸೆರಗನ್ನು ಸೀಳಿ, ಸಣ್ಣ ನೆರಿಗೆ ಹಿಡಿದು, ಗೌನಿನ ಹೆಗಲಿಗೆ ಹೊಲಿದರು.

"ಭಾಳ ಚಂದ ಬಂದಿತ್ರಿ. ಅದ ಹೆಚ್ಚು ಚುಚ್ಚತೈತಿ. ಫೋಟೋ ತಗದು ಅಂಗಡಿ ಮುಂದ ಹಾಕಬೇಕಂತ ಕುಣದಿದ್ದೆ. ಉಡಿ ಅಂದ್ರ ಏನಂತ ತಿಳೀದಾಕಿ ಅಲ್ಲ ನಾ. ಒಂದ್ ಮಾತು ತಿರುಗಿ ಕೇಳಿದ್ರ ಮುಗೀತಿತ್ತು."

ಗೌನು ಒಯ್ಯಲು ಬಂದ ವಿಜಯಲಕ್ಷ್ಮಿ ಜಗಳವಾಡಲಿಲ್ಲ. ಆ ಸೆರಗನ್ನು ಮಡಿಲ ಮೇಲೆ ಹರಡಲು ನೋಡಿದಳು. ಸೀಳಿ ನೆರಿಗೆ ಹಿಡಿದದ್ದು ಹರಡಲಿಲ್ಲ. ಗೌನು ಮಡಚಿ ಒಯ್ದವಳು ಮತ್ತೆ ಈ ಮೆಟ್ಟಿಲು ತುಳಿದಿಲ್ಲ.

ಅವಳ ಬಟ್ಟೆಗಳು ಈಗ ವಿಜಯಪುರದಲ್ಲಿ ಹೊಲಿಗೆಯಾಗುತ್ತವೆ. ಬಸ್ಸಿಗೆ ಹೋಗುವಾಗ ಇದೇ ಓಣಿಯಲ್ಲಿ ತಲೆ ತಗ್ಗಿಸಿ ದಾಟುತ್ತಾಳೆ. ಇವತ್ತೂ ದಾಟುತ್ತಿದ್ದಾಳೆ; ನಿಷತ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬರುತ್ತಾರೆ.

"ಹಿಂಗ ಕದ್ದು ನೋಡೋದ್ಕಿಂತ ಒಂದ್ ಸಲ ಕೂಗಬಾರದೇನ?" ಎಂದು ಅಬಿದಾ ಒಳಗಿನಿಂದ ಗದರುತ್ತಾರೆ.

ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನಿಷತ ಅವಳ ಎಡತೋಳನ್ನೇ ನೋಡುತ್ತಾರೆ.

"ಜಂಪರದ ಬಗಲು ಬಿಗಿ ಹಿಡದೈತ್ರಿ, ಎಡಗೈ ಎತ್ತಾಕ ಬರವಲ್ದು ಅಕಿಗೆ. ಬಂದ್ರ ಬಿಚ್ಚಿ ಸರಿ ಮಾಡಿ ಕೊಡ್ತೇನಿ. ನನ್ನ ಕೂಡ ಮಾತಾಡದಿದ್ರೂ ನಡೀತೈತಿ. ಅಕಿ ಅಳತಿ ನನಗ ಬಾಯಿಪಾಠ ಐತಿ."